ಗರಿಷ್ಠ ಸಾಂದ್ರತೆ ತಪ್ಪು ಜಾಗದಲ್ಲಿ ಬಿದ್ದಾಗ: ವಾಯು ಪ್ರಸರಣ ಮಾದರಿಯ ದೋಷ ಪತ್ತೆ

ಚಿಮಣಿಯ ಹೊಗೆ ಗಾಳಿಯಲ್ಲಿ ಎಲ್ಲಿಗೆ, ಎಷ್ಟು ಹರಡುತ್ತದೆ ಎಂದು ಅಂದಾಜಿಸುವ ತಂತ್ರಾಂಶ ಏರ್‌ಮಾಡ್ ಲೆಕ್ಕ ಮುಗಿಸಿದೆ, ಕೊನೆಯ ಸಾಲಿನಲ್ಲಿ ‘ಯಶಸ್ವಿಯಾಗಿ ಮುಗಿಯಿತು’ ಎಂಬ ಅರ್ಥದ ಸಂದೇಶವೂ ಬಂದಿದೆ. ಆದರೆ ನಕ್ಷೆ ತೆರೆದರೆ ಅತಿ ಹೆಚ್ಚಿನ ಸಾಂದ್ರತೆ ಚಳಿಗಾಲದ ಗಾಳಿ ಎಂದೂ ಹೊಗೆಯನ್ನು ಒಯ್ಯದ ದಿಕ್ಕಿನಲ್ಲಿದೆ. ಅಥವಾ ಒಂದು ಸಣ್ಣ ಬಾಯ್ಲರಿನ ಚಿಮಣಿ ಇಡೀ ಪಟ್ಟಣವನ್ನೇ ಕೆಡಿಸುವಷ್ಟು ದೊಡ್ಡ ಅಂಕಿ ಬಂದಿದೆ. ಅಥವಾ ಎಲ್ಲೆಡೆಯೂ ಸೊನ್ನೆ. ತಂತ್ರಾಂಶ ತನಗೆ ಕೊಟ್ಟ ಕಡತದ ವಿನ್ಯಾಸ ಸರಿಯಿದೆಯೇ ಎಂದು ನೋಡುತ್ತದೆ. ಅದರಲ್ಲಿರುವುದು ನಿಜವೇ ಎಂದು ನೋಡುವುದಿಲ್ಲ. ಆ ಕೆಲಸ ನಮ್ಮದು.

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಯೋಜನೆಗಳಿಗೆ ಪರಿಸರ ಪರಿಣಾಮ ವರದಿ ಸಿದ್ಧಪಡಿಸುವ ಕಿರಿಯ ಎಂಜಿನಿಯರುಗಳನ್ನೂ ಆ ವರದಿಗಳನ್ನು ಪರಿಶೀಲಿಸುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಏರ್‌ಮಾಡ್ ಅನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2005ರಲ್ಲಿ ತನ್ನ ಆದ್ಯತೆಯ ಮಾದರಿಯಾಗಿ ಅಂಗೀಕರಿಸಿತು. ನಮ್ಮಲ್ಲಿ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸಲ್ಲಿಸುವ ವರದಿಗಳಲ್ಲಿ ಇದರ ಬಳಕೆ ವ್ಯಾಪಕವಾಗಿದೆ. ಮಾದರಿ ಹುಟ್ಟಿದ್ದು ಅಮೆರಿಕದ ಹವಾಮಾನ ದತ್ತಾಂಶಕ್ಕೆ, ಅಲ್ಲಿನ ಕಾಲವಲಯಗಳಿಗೆ, ಅಲ್ಲಿನ ಭೂಬಳಕೆ ನಕ್ಷೆಗಳಿಗೆ ಹೊಂದಿಕೊಂಡು. ನಾವು ಎದುರಿಸುವ ದೋಷಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಆ ಚೌಕಟ್ಟಿನೊಳಗೆ ನಮ್ಮ ನೆಲವನ್ನು ಕೂರಿಸುವ ಹಂತದಲ್ಲಿ.

ನಾನು ಒತ್ತಿ ಹೇಳುವ ಮಾತು ಒಂದೇ. ಸಾಂದ್ರತೆ ‘ಎಷ್ಟು’ ಎಂದು ಕೇಳುವ ಮೊದಲು ‘ಎಲ್ಲಿ’ ಮತ್ತು ‘ಯಾವಾಗ’ ಎಂದು ಕೇಳಿ. ಎಷ್ಟು ಎಂಬುದನ್ನು ಹತ್ತಾರು ಕಾರಣಗಳು ಸೇರಿ ನಿರ್ಧರಿಸುತ್ತವೆ, ಆದ್ದರಿಂದ ಆ ಅಂಕಿಯೊಂದರಿಂದ ದೋಷ ಸಿಗುವುದಿಲ್ಲ. ಗರಿಷ್ಠ ಬಿದ್ದ ಬಿಂದು ಮತ್ತು ಗಂಟೆ ಮಾತ್ರ ನೇರವಾಗಿ ಒಂದು ಕಾರಣದತ್ತ ಕೈತೋರಿಸುತ್ತವೆ. ಅಂಕಿ ಹೆಚ್ಚು ಬಂದಿತೆಂದು ಹೊರಸೂಸುವಿಕೆಯ ಪ್ರಮಾಣವನ್ನು ಇಳಿಸಿ, ಚಿಮಣಿಯನ್ನು ಏರಿಸಿ, ಮಾನದಂಡದೊಳಗೆ ಬರುವವರೆಗೆ ಮತ್ತೆ ಮತ್ತೆ ಲೆಕ್ಕ ಓಡಿಸುವ ರೂಢಿಯನ್ನು ನಾನು ಸುತರಾಂ ಒಪ್ಪುವುದಿಲ್ಲ. ಹಾಗೆ ಮಾಡಿದಾಗ ಮೂಲ ದೋಷ ಅಲ್ಲೇ ಉಳಿಯುತ್ತದೆ, ಅದರ ಮೇಲೊಂದು ಸುಳ್ಳು ಸೇರುತ್ತದೆ, ಆ ಹೊಗೆಯನ್ನು ಉಸಿರಾಡುವವರು ಕಾರ್ಖಾನೆಯ ಪಕ್ಕದ ಹಳ್ಳಿಯವರು.

ಅಭ್ಯಾಸದ ಕಾರ್ಖಾನೆ ಮತ್ತು ಕೈಲೆಕ್ಕ

ವಿವರಣೆಗಾಗಿ ಹಾಸನದ ಹೊರವಲಯದಲ್ಲಿ ಒಂದು ಕಾಲ್ಪನಿಕ ಕಾರ್ಖಾನೆ ಇಟ್ಟುಕೊಳ್ಳೋಣ. ಸೌದೆ ಮತ್ತು ಕಾಫಿ ಹೊಟ್ಟು ಉರಿಸುವ ಬಾಯ್ಲರ್, 30 ಮೀಟರ್ ಎತ್ತರದ ಚಿಮಣಿ, ಅದರ ಬಾಯಿಯ ವ್ಯಾಸ 0.8 ಮೀಟರ್, ಅನಿಲ ಹೊರಬರುವ ವೇಗ ಸೆಕೆಂಡಿಗೆ 8 ಮೀಟರ್, ತಾಪಮಾನ 150 ಡಿಗ್ರಿ ಸೆಲ್ಸಿಯಸ್. ಕಣಗಳ ಪ್ರಮಾಣ ಒಂದು ನಾರ್ಮಲ್ ಘನ ಮೀಟರಿಗೆ 150 ಮಿಲಿಗ್ರಾಂ.

ಮಾದರಿಯನ್ನು ಅನುಮಾನಿಸುವ ಮೊದಲು ಅಂಕಿ ಯಾವ ಮಟ್ಟದಲ್ಲಿರಬೇಕು ಎಂಬ ಅಂದಾಜು ಕೈಯಲ್ಲಿರಬೇಕು. ಗಾಳಿ ಸೆಕೆಂಡಿಗೆ 3 ಮೀಟರ್ ಇದ್ದಾಗ ಈ ಬಿಸಿ ಅನಿಲ, ಬ್ರಿಗ್ಸ್ ಸೂತ್ರದ ಪ್ರಕಾರ, ಚಿಮಣಿಯ ಬಾಯಿಂದ ಇನ್ನೂ ಸುಮಾರು 20 ಮೀಟರ್ ಏರುತ್ತದೆ. ಅಂದರೆ ಪರಿಣಾಮಕಾರಿ ಎತ್ತರ ಸುಮಾರು 50 ಮೀಟರ್. ಹೊಗೆಯ ಹರಡುವಿಕೆಯನ್ನು ಲೆಕ್ಕ ಹಾಕುವ ಗಾಸಿಯನ್ ಸಮೀಕರಣದಿಂದ ನೆಲಮಟ್ಟದ ಗರಿಷ್ಠವನ್ನು ತೆಗೆದರೆ, ಸೆಕೆಂಡಿಗೆ 1 ಗ್ರಾಂ ಹೊರಸೂಸುವಿಕೆಗೆ ಒಂದು ಗಂಟೆಯ ಸರಾಸರಿ ಘನ ಮೀಟರಿಗೆ ಸುಮಾರು 20 ಮೈಕ್ರೋಗ್ರಾಂ ಬರುತ್ತದೆ. ಮಂದಗಾಳಿಯ ಗಂಟೆಗಳಲ್ಲಿ, ಬಿರುಬಿಸಿಲಿನ ಗಂಟೆಗಳಲ್ಲಿ ಇದು ಹಲವು ಪಟ್ಟು ಏರಬಹುದು. ನೂರು ಪಟ್ಟು ಏರಿದರೆ ಮಾತ್ರ ಎಲ್ಲೋ ದೋಷವಿದೆ. ಈ ಲೆಕ್ಕಕ್ಕೆ ಒಂದು ಹಾಳೆ ಕಾಗದ ಸಾಕು. ತರಬೇತಿಗೆ ಬರುವವರಿಗೆ ತಂತ್ರಾಂಶದ ಗುಂಡಿಗಳನ್ನು ತೋರಿಸುವ ಮೊದಲು ಇದನ್ನು ಕಲಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಮೊದಲ ಪರೀಕ್ಷಾ ಓಟ. ಒಂದೇ ಚಿಮಣಿ, ಹೊರಸೂಸುವಿಕೆ ಸೆಕೆಂಡಿಗೆ 1 ಗ್ರಾಂ, ಸಮತಟ್ಟಾದ ನೆಲ, ಕಟ್ಟಡಗಳಿಲ್ಲ, ಒಂದು ಗಂಟೆಯ ಸರಾಸರಿ. ಇದು ಕೈಲೆಕ್ಕದ ಆಸುಪಾಸಿನಲ್ಲಿ ಬಂದರೆ ಗುಡ್ಡಗಳನ್ನು ಸೇರಿಸಿ, ಆಮೇಲೆ ಕಟ್ಟಡಗಳನ್ನು, ಆಮೇಲೆ ನಿಜವಾದ ಹೊರಸೂಸುವಿಕೆಯನ್ನು. ಅಂಕಿ ಜಿಗಿದ ಹಂತದಲ್ಲೇ ದೋಷವಿದೆ. ಸಮತಟ್ಟಾದ ಓಟವೇ ಕೆಟ್ಟಿದ್ದರೆ ಹವಾಮಾನ ಕಡತ ಅಥವಾ ಚಿಮಣಿಯ ವಿವರಗಳನ್ನು ಹಿಡಿಯಬೇಕು.

ಎಲ್ಲಿ: ದಿಕ್ಕು ತಲೆಕೆಳಗಾದ ಲಕ್ಷಣಗಳು

ನಮ್ಮ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಮತ್ತು ನೈಋತ್ಯದ ಗಾಳಿ, ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವ ಮತ್ತು ಈಶಾನ್ಯದ ಗಾಳಿ. ಪರಿಣಾಮ ವರದಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ದತ್ತಾಂಶ ಸಂಗ್ರಹಿಸುವುದರಿಂದ ಚಳಿಗಾಲದ ಓಟಗಳೇ ಹೆಚ್ಚು ಸಿಗುತ್ತವೆ. ಆಗ ಗರಿಷ್ಠ ಸಾಂದ್ರತೆ ಚಿಮಣಿಯ ಪಶ್ಚಿಮ ಅಥವಾ ನೈಋತ್ಯಕ್ಕೆ ಬೀಳಬೇಕು. ಚಳಿಗಾಲದ ಸರಾಸರಿ ನಕ್ಷೆಯ ಹಬ್ಬುಗೆ ಈಶಾನ್ಯಕ್ಕೆ ವಾಲಿದ್ದರೆ ಗಾಳಿಯ ದಿಕ್ಕು 180 ಡಿಗ್ರಿ ತಿರುಗಿದೆಯೇ ನೋಡಿ. ಹವಾಮಾನ ದತ್ತಾಂಶದಲ್ಲಿ ದಿಕ್ಕೆಂದರೆ ಗಾಳಿ ಎಲ್ಲಿಂದ ಬರುತ್ತದೆ ಎಂಬುದು. ಗಾಳಿಯನ್ನು ಪೂರ್ವ ಮತ್ತು ಉತ್ತರದ ಘಟಕಗಳಾಗಿ ಪಡೆದು ಎಕ್ಸೆಲ್‌ನಲ್ಲಿ ದಿಕ್ಕಿಗೆ ಪರಿವರ್ತಿಸಿದಾಗ, ಎತ್ತ ಹೋಗುತ್ತದೆ ಎಂಬ ಕೋನ ಬಂದುಬಿಡುವುದು ಸುಲಭ. ಯಾವ ದಿಕ್ಕಿನಿಂದ ಎಷ್ಟು ಗಾಳಿ ಬೀಸಿತೆಂದು ತೋರಿಸುವ ಗಾಳಿ ಗುಲಾಬಿ ನಕ್ಷೆಯನ್ನೂ ಸಾಂದ್ರತೆಯ ನಕ್ಷೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಲದು, ಎರಡೂ ಒಂದೇ ತಪ್ಪಿನಿಂದ ಹುಟ್ಟಿರಬಹುದು. ಕಚ್ಚಾ ದತ್ತಾಂಶದ ಯಾವುದಾದರೂ ಒಂದು ಮುಂಗಾರು ದಿನವನ್ನು ತೆಗೆದು ಅಲ್ಲಿ 240ರಿಂದ 270ರ ಆಸುಪಾಸಿನ ದಿಕ್ಕು ಕಾಣುತ್ತದೆಯೇ ನೋಡಿ. 60ರಿಂದ 90 ಕಂಡರೆ ದಿಕ್ಕು ತಲೆಕೆಳಗಾಗಿದೆ.

ಸಾಂದ್ರತೆಯ ರೇಖೆಗಳು ಚಿಮಣಿಯಿಂದ ಹೊರಟ ಕಡ್ಡಿಗಳಂತೆ, ಒಂದೇ ಅಂತರದ ಕೋನಗಳಲ್ಲಿ ಚಾಚಿಕೊಂಡಿದ್ದರೆ ಅದು ಬೇರೆ ಬಗೆಯ ದೋಷ. ಗಾಳಿಯ ದಿಕ್ಕನ್ನು ಡಿಗ್ರಿಯಲ್ಲಿ ಅಳೆಯದೆ ಎಂಟು ಅಥವಾ ಹದಿನಾರು ದಿಕ್ಕುಗಳಲ್ಲಿ ಬರೆದಿಟ್ಟಿದ್ದಾರೆ. ಕಡ್ಡಿಗಳ ನಡುವಿನ ಅಂತರ 45 ಡಿಗ್ರಿಯೋ 22.5 ಡಿಗ್ರಿಯೋ ಎಂದು ಅಳೆದರೆ ಯಾವುದೆಂದು ತಿಳಿಯುತ್ತದೆ. ಇಂಥ ದತ್ತಾಂಶದಿಂದ ಬಂದ ಗರಿಷ್ಠ ಬಿಂದುವಿನ ಸ್ಥಾನವನ್ನು ನಂಬಬೇಡಿ.

ಇಡೀ ಚಿತ್ರವೇ ಪಕ್ಕಕ್ಕೆ ಸರಿದಿದ್ದರೆ ನಿರ್ದೇಶಾಂಕ ನೋಡಿ. ಭೂಮಿಯನ್ನು ವಲಯಗಳಾಗಿ ಭಾಗಿಸಿ ಸ್ಥಾನವನ್ನು ಮೀಟರಿನಲ್ಲಿ ಹೇಳುವ ಯುಟಿಎಂ ಪದ್ಧತಿಯಲ್ಲಿ ಎರಡೂ ಜಿಲ್ಲೆಗಳು 43ನೇ ಉತ್ತರ ವಲಯದಲ್ಲಿವೆ. ಅದು 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ ಹರಡಿದೆ. ಹಾಸನ ಪಟ್ಟಣದ ಪೂರ್ವಾಂಕ ಸುಮಾರು 6,19,000 ಮೀಟರ್, ಉತ್ತರಾಂಕ ಸುಮಾರು 14,38,000 ಮೀಟರ್. ಚಿಕ್ಕಮಗಳೂರಿನದು ಸುಮಾರು 5,83,000 ಮತ್ತು 14,73,000. ನಿಮ್ಮ ಕಡತದ ಅಂಕಿಗಳು ಇವುಗಳ ಹತ್ತಿರವೂ ಸುಳಿಯದಿದ್ದರೆ ವಲಯ ತಪ್ಪಿದೆ, ಇಲ್ಲವೇ ಪೂರ್ವಾಂಕ ಉತ್ತರಾಂಕ ಅದಲುಬದಲಾಗಿವೆ.

ಯಾವಾಗ: ಗಡಿಯಾರದ ದೋಷ

ದಿನದ ಸರಾಸರಿಯ ಗರಿಷ್ಠ ಸಿಕ್ಕರೆ ಅದು ಯಾವ ಗಂಟೆಯಿಂದ ಹುಟ್ಟಿತೆಂದು ಗೊತ್ತಾಗುವುದಿಲ್ಲ. ಆದ್ದರಿಂದ ಅದೇ ದಿನಕ್ಕೆ, ಅದೇ ಬಿಂದುವಿಗೆ ಒಂದು ಗಂಟೆಯ ಸರಾಸರಿಗಳನ್ನು ತೆಗೆಸಿ. ಗರಿಷ್ಠ ಕೋಷ್ಟಕದಲ್ಲಿ ವರ್ಷ, ತಿಂಗಳು, ದಿನ, ಗಂಟೆ ಎಲ್ಲವೂ ಇರುತ್ತವೆ. ಇಲ್ಲಿ ಗಂಟೆ ಎಂದರೆ ಮುಗಿಯುವ ಗಂಟೆ; 7 ಎಂದರೆ 6ರಿಂದ 7ರವರೆಗೆ. ಆ ಗಂಟೆಯನ್ನು ಹಿಡಿದು, ಮಾದರಿಗೆ ಹವಾಮಾನ ದತ್ತಾಂಶವನ್ನು ಅಣಿಗೊಳಿಸುವ ಜೊತೆ ತಂತ್ರಾಂಶವಾದ ಏರ್‌ಮೆಟ್ ತಯಾರಿಸಿದ ಮೇಲ್ಮೈ ಹವಾಮಾನ ಕಡತದ ಅದೇ ಸಾಲಿಗೆ ಹೋಗಿ. ಈ ಕಡತವನ್ನು ಕಣ್ಣಾರೆ ಓದದೆ ಯಾರೂ ದೋಷ ಹುಡುಕಲು ಸಾಧ್ಯವಿಲ್ಲ. ಸಾಮಾನ್ಯ ಅಕ್ಷರ ಕಡತವದು, ಯಾವ ಸಂಪಾದಕದಲ್ಲಾದರೂ ತೆರೆಯುತ್ತದೆ.

ಮಟಮಟ ಮಧ್ಯಾಹ್ನ 2ರಿಂದ 4ರ ಗಂಟೆಗಳಲ್ಲಿ, ಬಲವಾದ ಬಿಸಿಲಿದ್ದೂ ಗಾಳಿ ಸೆಕೆಂಡಿಗೆ 1 ಮೀಟರಿಗಿಂತ ಕಡಿಮೆಯಿರುವ ಸಾಲುಗಳೇ ಗರಿಷ್ಠಗಳ ಪಟ್ಟಿಯ ತುಂಬ ಕಾಣಿಸಿಕೊಂಡವೆನ್ನಿ. ಹಾಸನದಲ್ಲಿ ಆ ಹೊತ್ತಿಗೆ ಗಾಳಿ ಸಾಮಾನ್ಯವಾಗಿ ಚುರುಕಾಗಿರುತ್ತದೆ. ಹಾಗಾದರೆ ಮಂದಗಾಳಿ ಎಲ್ಲಿಂದ ಬಂತು? ಸಂಜೆಯಿಂದ ಬಂತು. ವಿಮಾನ ನಿಲ್ದಾಣಗಳ ಅಥವಾ ಅಂತರರಾಷ್ಟ್ರೀಯ ಭಂಡಾರಗಳ ದತ್ತಾಂಶ ಗ್ರೀನಿಚ್ ಸಮಯದಲ್ಲಿರುತ್ತದೆ. ಅದನ್ನು ಸ್ಥಳೀಯ ಸಮಯಕ್ಕೆ ಬದಲಿಸದೆ ಬಿಟ್ಟರೆ ನಮ್ಮ ರಾತ್ರಿ 8ರ ಗಾಳಿ ಮಧ್ಯಾಹ್ನ 2.30ರ ಬಿಸಿಲಿನ ಕೆಳಗೆ ಬಂದು ಕೂರುತ್ತದೆ. ಮಾದರಿ ಆ ಅಸಾಧ್ಯ ಜೋಡಿಯನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ, ಚಿಮಣಿಯ ಬುಡದಲ್ಲೇ ಭಾರಿ ಸಾಂದ್ರತೆ ತೋರಿಸುತ್ತದೆ.

ಖಚಿತಪಡಿಸಿಕೊಳ್ಳಲು ಎರಡು ಕಾಲಂ ಸಾಕು: ತಾಪಮಾನ ಮತ್ತು ನೆಲದಿಂದ ಮೇಲೇಳುವ ಉಷ್ಣ ಪ್ರವಾಹ. ಮೋಡವಿಲ್ಲದ ಒಂದು ಜನವರಿ ದಿನವನ್ನು ಆರಿಸಿಕೊಳ್ಳಿ. ತಾಪಮಾನ 14 ಅಥವಾ 15ನೇ ಗಂಟೆಯಲ್ಲಿ ಗರಿಷ್ಠಕ್ಕೆ ಏರಬೇಕು. ಉಷ್ಣ ಪ್ರವಾಹ ಸೂರ್ಯೋದಯದ ನಂತರ ಸುಮಾರು ಒಂದು ಗಂಟೆಗೆ ಧನವಾಗಿ, ನಡುಹಗಲಲ್ಲಿ ಗರಿಷ್ಠ ತಲುಪಿ, ಸೂರ್ಯಾಸ್ತಕ್ಕೆ ಮೊದಲೇ ಋಣವಾಗಬೇಕು. ತಾಪಮಾನದ ಗರಿಷ್ಠ 9ನೇ ಗಂಟೆಯಲ್ಲಿದ್ದರೆ ದತ್ತಾಂಶ ಗ್ರೀನಿಚ್ ಸಮಯದಲ್ಲೇ ಉಳಿದಿದೆ. 4ನೇ ಗಂಟೆಯಲ್ಲಿದ್ದರೆ ಕಾಲ ಹೊಂದಾಣಿಕೆಯ ಚಿಹ್ನೆ ತಲೆಕೆಳಗಾಗಿದೆ. ಏರ್‌ಮೆಟ್ ಆ ಅಂಕಿಯನ್ನು ದತ್ತಾಂಶದ ಸಮಯದಿಂದ ಕಳೆಯುತ್ತದೆ, ಆದ್ದರಿಂದ ಅಮೆರಿಕಕ್ಕೆ ಅದು ಧನ, ನಮಗೆ ಋಣ. ಉದಾಹರಣೆ ಕಡತದಿಂದ ನಕಲು ಮಾಡಿದ 5ರ ಮುಂದೆ ಋಣ ಚಿಹ್ನೆ ಹಾಕಲು ಮರೆತರೆ ಹತ್ತು ಗಂಟೆಯ ವ್ಯತ್ಯಾಸ ಬೀಳುತ್ತದೆ. ತಾಪಮಾನ ಸರಿಯಿದ್ದು ಉಷ್ಣ ಪ್ರವಾಹ ಮಾತ್ರ ರಾತ್ರಿಯಲ್ಲಿ ಧನವಾಗಿದ್ದರೆ, ಸೂರ್ಯನ ಸ್ಥಾನ ಲೆಕ್ಕ ಹಾಕುವ ಕಡೆ ರೇಖಾಂಶದ ಪೂರ್ವ, ಪಶ್ಚಿಮ ಅಕ್ಷರ ಅಥವಾ ಅಲ್ಲಿನ ಕಾಲ ಹೊಂದಾಣಿಕೆ ತಪ್ಪಿದೆ.

ಭಾರತದ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಏರ್‌ಮೆಟ್ ಹೊಂದಾಣಿಕೆಯನ್ನು ಪೂರ್ಣ ಗಂಟೆಗಳಲ್ಲಿ ಕೇಳುತ್ತದೆ. ಐದು ಹಾಕಬೇಕೇ, ಆರು ಹಾಕಬೇಕೇ? ಈ ಪ್ರಶ್ನೆಗೆ ಹಾಸನದ ಮಟ್ಟಿಗೆ ಸ್ಪಷ್ಟ ಉತ್ತರವಿದೆ. ಭಾರತೀಯ ಸಮಯದ ಆಧಾರ ರೇಖೆ 82.5 ಡಿಗ್ರಿ ಪೂರ್ವ, ಹಾಸನ 76.1 ಡಿಗ್ರಿಯಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12.25ರ ಸುಮಾರಿಗೆ. ಸೂರ್ಯನ ಲೆಕ್ಕದಲ್ಲಿ ಹಾಸನ ಗ್ರೀನಿಚ್‌ಗಿಂತ ಐದು ಗಂಟೆ ನಾಲ್ಕು ನಿಮಿಷ ಮಾತ್ರ ಮುಂದಿದೆ. ಚಿಕ್ಕಮಗಳೂರು ಇನ್ನೂ ಒಂದು ನಿಮಿಷದಷ್ಟು ಹಿಂದೆ. ಆದ್ದರಿಂದ ಐದೇ ಸರಿ. ಆರು ಹಾಕಿದರೆ ಗಡಿಯಾರ ಸೂರ್ಯನಿಂದ ಸುಮಾರು ಒಂದು ಗಂಟೆ ದೂರ ಸರಿಯುತ್ತದೆ. ಗಡಿಯಾರದ ಸಮಯಕ್ಕೂ ಮಾದರಿಯ ಸಮಯಕ್ಕೂ ಇದರಿಂದ ಬೀಳುವ ಅರ್ಧ ಗಂಟೆಯ ಅಂತರವನ್ನು ವರದಿಯಲ್ಲಿ ಬರೆದಿಡಿ. ಬಾಯ್ಲರ್ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಮಾತ್ರ ಓಡುತ್ತದೆ ಎಂಬಂಥ ಗಂಟೆವಾರು ಹೊರಸೂಸುವಿಕೆಯನ್ನು ಕೊಡುವಾಗಲೂ ಈ ಅರ್ಧ ಗಂಟೆ ನೆನಪಿರಲಿ.

ಗ್ರೀನಿಚ್ ಸಮಯದ ದತ್ತಾಂಶದ ಬದಲು ಸ್ಥಳೀಯ ವೀಕ್ಷಣಾಲಯದ ದತ್ತಾಂಶ ತಂದಿದ್ದರೆ ಇನ್ನೊಂದು ಎಚ್ಚರಿಕೆ. ಅರೆಕಾಲಿಕ ವೀಕ್ಷಣಾಲಯಗಳಲ್ಲಿ ಬೆಳಿಗ್ಗೆ 8.30 ಮತ್ತು ಸಂಜೆ 5.30ಕ್ಕೆ ಮಾತ್ರ ಅಳತೆ ನಡೆಯುತ್ತದೆ. ದಿನಕ್ಕೆರಡು ಅಳತೆಗಳ ನಡುವೆ ಗೆರೆ ಎಳೆದು ತುಂಬಿಸಿದ ‘ಗಂಟೆವಾರು’ ಕಡತ ನಿಮ್ಮ ಕೈಗೆ ಬಂದಿರಬಹುದು. ತಾಪಮಾನ ಗಂಟೆ ಗಂಟೆಗೂ ಒಂದೇ ಅಳತೆಯಲ್ಲಿ ಏರುತ್ತ ಅಥವಾ ಇಳಿಯುತ್ತ ಸಾಗಿದ್ದರೆ ಅದನ್ನು ಬದಿಗಿಡಿ. ಅದರಿಂದ ಮಾದರಿ ಓಡಿಸುವುದು ಸಮಯ ವ್ಯರ್ಥ.

ಹಗಲೇ ಕಾಣೆಯಾದಾಗ

ಮಾದರಿಯ ಸಾರಾಂಶದಲ್ಲಿ ದತ್ತಾಂಶವಿಲ್ಲದ ಗಂಟೆಗಳ ಸಂಖ್ಯೆ ಇರುತ್ತದೆ. ಅದು ಒಟ್ಟು ಗಂಟೆಗಳ ಅರ್ಧದ ಹತ್ತಿರವಿದ್ದರೆ, ಕಾಣೆಯಾದವೆಲ್ಲ ಹಗಲಿನವೇ ಎಂದು ನೋಡಿ. ಹಗಲಿನ ಮಿಶ್ರಣ ಎತ್ತರವನ್ನು, ಅಂದರೆ ಹೊಗೆ ಯಾವ ಎತ್ತರದವರೆಗೆ ಬೆರೆಯಬಲ್ಲದು ಎಂಬುದನ್ನು, ಏರ್‌ಮೆಟ್ ಲೆಕ್ಕ ಹಾಕುವುದು ಮೇಲಿನ ಗಾಳಿಯನ್ನು ಅಳೆಯಲು ಹಾರಿಸುವ ಬೆಳಗಿನ ಹವಾಮಾನ ಬಲೂನಿನ ಅಳತೆಯಿಂದ. ಅದು ಸಿಗದ ದಿನ ಹಗಲಿನ ಗಂಟೆಗಳೆಲ್ಲ ಖಾಲಿ. ಭಾರತದಲ್ಲಿ ಗ್ರೀನಿಚ್ 00 ಗಂಟೆಯ ಬಲೂನ್ ಬೆಳಿಗ್ಗೆ 5.30ಕ್ಕೆ, ಅಂದರೆ ಬಹುತೇಕ ಸೂರ್ಯೋದಯಕ್ಕೆ ಸರಿಹೊಂದುತ್ತದೆ. ಅಮೆರಿಕದಲ್ಲಿ ಬೆಳಗಿನದು 12 ಗಂಟೆಯ ಬಲೂನ್. ಆ ಅಭ್ಯಾಸದಂತೆ 12ರದ್ದನ್ನೇ ಆರಿಸಿದರೆ ನಮ್ಮ ಸಂಜೆ 5.30ರ ಗಾಳಿಯ ರಚನೆ ಸಿಗುತ್ತದೆ, ಅದು ಬೆಳಗಿನ ಕೆಲಸಕ್ಕೆ ಬಾರದು.

ಆದರೆ ರಾತ್ರಿಯ ಸಾಲುಗಳಲ್ಲಿ ಹಗಲಿನ ಮಿಶ್ರಣ ಎತ್ತರದ ಕಾಲಂನಲ್ಲಿ ಋಣ 999, ಬಿಸಿಲಿಗೆ ಕಾದ ಗಾಳಿ ಮೇಲೇಳುವ ಸಂವಹನ ವೇಗದ ಕಾಲಂನಲ್ಲಿ ಋಣ 9 ಇದ್ದರೆ ಗಾಬರಿ ಬೇಡ. ರಾತ್ರಿ ಆ ಎರಡಕ್ಕೂ ಅರ್ಥವಿಲ್ಲ, ಆದ್ದರಿಂದ ಅಲ್ಲಿ ಹಾಗೇ ಇರಬೇಕು. ಅದೇ ಅಂಕಿಗಳು ಹಗಲಿನ ಸಾಲಿನಲ್ಲಿದ್ದರೆ ಮಾತ್ರ ದೋಷ.

ಹಗಲು ರಾತ್ರಿ ಎರಡೂ ಕಾಣೆಯಾಗಿದ್ದರೆ ಮೋಡದ ಕಾಲಂ ನೋಡಿ. ಕಾರ್ಖಾನೆಯ ಆವರಣದಲ್ಲಿ ಇಟ್ಟ ಸ್ವಯಂಚಾಲಿತ ಹವಾಮಾನ ಯಂತ್ರ ಗಾಳಿ, ತಾಪಮಾನ, ಮಳೆ ಅಳೆಯುತ್ತದೆ. ಮೋಡ ಎಷ್ಟು ಕವಿದಿದೆ ಎಂದು ಅಳೆಯುವುದಿಲ್ಲ. ಬೇರೆ ಮೂಲದಿಂದ ಮೋಡದ ಪ್ರಮಾಣ ತಂದು ಸೇರಿಸಬೇಕು.

ಯಾವ ಊರಿನ ಬಲೂನ್ ಬಳಸಬೇಕು ಎಂಬಲ್ಲಿ ಹೆಚ್ಚಿನವರು ನಕ್ಷೆಯ ಮೇಲೆ ದೂರ ಅಳೆಯುತ್ತಾರೆ. ಹಾಸನಕ್ಕೆ ಮಂಗಳೂರು ಹತ್ತಿರ, ಬೆಂಗಳೂರು ದೂರ. ಆದರೂ ನಾನು ಬೆಂಗಳೂರನ್ನೇ ಆರಿಸುತ್ತೇನೆ. ಮಂಗಳೂರಿನ ಬಲೂನ್ ಹಾರುವುದು ಕಡಲಂಚಿನಲ್ಲಿ, ಘಟ್ಟದ ಕೆಳಗೆ, ಸಮುದ್ರದ ತೇವದ ಗಾಳಿಯಲ್ಲಿ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ಘಟ್ಟದ ಈಚೆ, ಬೆಂಗಳೂರಿನಂತೆಯೇ ಪ್ರಸ್ಥಭೂಮಿಯ ಮೇಲಿದೆ. ಸಕಲೇಶಪುರದ ಅಂಚಿನ ಯೋಜನೆಯಾದರೆ ಈ ತೀರ್ಮಾನ ಅಷ್ಟು ಸುಲಭವಲ್ಲ, ಅಲ್ಲಿ ಎರಡನ್ನೂ ಬಳಸಿ ಓಡಿಸಿ ಎಷ್ಟು ವ್ಯತ್ಯಾಸವೆಂದು ತೋರಿಸುವುದೇ ಪ್ರಾಮಾಣಿಕ ದಾರಿ.

ನಿಶ್ಚಲ ರಾತ್ರಿಗಳ ಭಾರಿ ಅಂಕಿ

ಗರಿಷ್ಠಗಳೆಲ್ಲ ನಡುರಾತ್ರಿ, ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ಇರುವ ಗಂಟೆಗಳಲ್ಲಿ ಬಿದ್ದರೆ ಘರ್ಷಣ ವೇಗದ, ಅಂದರೆ ಗಾಳಿ ನೆಲಕ್ಕೆ ಉಜ್ಜಿ ಎಷ್ಟು ಕದಡುತ್ತದೆ ಎಂಬ ಅಳತೆಯ, ಕಾಲಂ ನೋಡಿ. ರಾತ್ರಿಯ ಮಿಶ್ರಣ ಎತ್ತರವನ್ನು ಘರ್ಷಣ ವೇಗದ ಒಂದೂವರೆ ಘಾತವನ್ನು 2300ರಿಂದ ಗುಣಿಸಿ ಪಡೆಯುತ್ತಾರೆ. ಘರ್ಷಣ ವೇಗ 0.05 ಇದ್ದರೆ 26 ಮೀಟರ್, 0.02 ಇದ್ದರೆ ಬರೀ ಆರೂವರೆ ಮೀಟರ್. ನೆಲಮಟ್ಟದ ಮೂಲಗಳು, ಬೂದಿ ರಾಶಿ, ಕಚ್ಚಾ ರಸ್ತೆಯ ಧೂಳು ಇವುಗಳ ಸಾಂದ್ರತೆ ಇಂಥ ಗಂಟೆಗಳಲ್ಲಿ ಅತಿಯಾಗಿ ಏರುತ್ತದೆ. ಮಂದಗಾಳಿಯ ಸ್ಥಿರ ರಾತ್ರಿಗಳಲ್ಲಿ ಮಾದರಿ ಘರ್ಷಣ ವೇಗವನ್ನು ತೀರ ಕಡಿಮೆ ಅಂದಾಜಿಸುತ್ತದೆ ಎಂಬುದು ತಿಳಿದ ವಿಷಯ; ಅದನ್ನು ಸರಿಪಡಿಸುವ ಆಯ್ಕೆ 2017ರಿಂದ ನಿಯಂತ್ರಕ ಆಯ್ಕೆಯಾಗಿ ಅಧಿಕೃತವಾಗಿದೆ. ಹಳೆಯ ಆವೃತ್ತಿ ಬಳಸುತ್ತಿದ್ದರೆ ಮೊದಲು ಹೊಸದಕ್ಕೆ ಬನ್ನಿ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಗಾಳಿಯ ವೇಗ ಸೊನ್ನೆ ಎಂದು ದಾಖಲಾದ ಗಂಟೆಯಲ್ಲಿ ಏರ್‌ಮಾಡ್ ಸಾಂದ್ರತೆಯನ್ನು ಲೆಕ್ಕ ಹಾಕುವುದೇ ಇಲ್ಲ. ದಿನದ ಸರಾಸರಿಗೆ ಉಳಿದ ಗಂಟೆಗಳ ಮೊತ್ತವನ್ನು ಆ ಗಂಟೆಗಳ ಸಂಖ್ಯೆಯಿಂದ ಭಾಗಿಸುತ್ತದೆ. ಆ ಸಂಖ್ಯೆ 18ಕ್ಕಿಂತ ಕಡಿಮೆಯಿದ್ದರೆ 18ರಿಂದ ಭಾಗಿಸುತ್ತದೆ. ಚಳಿಗಾಲದಲ್ಲಿ ಗಾಳಿ ಮಾಪಕ ತುಕ್ಕು ಹಿಡಿದು ತಿರುಗದೆ ನಿಂತರೆ ರಾತ್ರಿಗೆ ರಾತ್ರಿಯೇ ಸೊನ್ನೆ. ಅಂಥ ಕಡತದಿಂದ ಬರುವ ಫಲಿತಾಂಶ ಹಿತಕರವಾಗಿ ಕಡಿಮೆಯಿರುತ್ತದೆ, ಯಾರೂ ಪ್ರಶ್ನಿಸುವುದೂ ಇಲ್ಲ. ನಿಶ್ಚಲ ಗಂಟೆಗಳು ಮೂರರಲ್ಲೊಂದು ಪಾಲು ಮೀರಿದರೆ ನಾನು ಆ ಮಾಪಕವನ್ನು ಹೋಗಿ ನೋಡದೆ ಮುಂದುವರಿಯುವುದಿಲ್ಲ. ವೇಗದ ಏಕಮಾನವನ್ನೂ ಇಲ್ಲೇ ನೋಡಿಬಿಡಿ: ಗಂಟೆಗೆ ಕಿಲೋಮೀಟರ್ ಲೆಕ್ಕದ ಅಂಕಿಯನ್ನು ಸೆಕೆಂಡಿಗೆ ಮೀಟರ್ ಎಂದು ಕೊಟ್ಟರೆ ಗಾಳಿ 3.6 ಪಟ್ಟು ಜೋರಾಗುತ್ತದೆ.

ನೆಲದ ಒರಟುತನದ ಅಂಕಿಯಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಕಾರ್ಖಾನೆ ಕಾಫಿ ತೋಟಗಳ ನಡುವೆ ಇದೆಯೆಂದು ಮರಗಾಡಿನ ಅಂಕಿಯನ್ನು ಕೊಡುತ್ತಾರೆ. ಕೊಡಬೇಕಾದ್ದು ಗಾಳಿ ಅಳೆದ ಜಾಗದ ಸುತ್ತಣ ಒರಟುತನ. ಬಯಲಿನಲ್ಲಿ ಅಳೆದ ಗಾಳಿಗೆ ತೋಟದ ಒರಟುತನ ಸೇರಿಸಿದರೆ ಘರ್ಷಣ ವೇಗ ಹುಸಿಯಾಗಿ ಏರಿ, ಇಲ್ಲದ ಪ್ರಸರಣ ಕಾಣಿಸಿಕೊಳ್ಳುತ್ತದೆ.

ಗುಡ್ಡ

ಬಯಲುಸೀಮೆಯ ಕಡೆಯ ಅರಸೀಕೆರೆ, ಚನ್ನರಾಯಪಟ್ಟಣಗಳಲ್ಲಿ ಗುಡ್ಡದ ಲೆಕ್ಕ ಬಹುಮಟ್ಟಿಗೆ ತಲೆನೋವು ಕೊಡುವುದಿಲ್ಲ. ಚಿಕ್ಕಮಗಳೂರಿನಲ್ಲಿ ಕೊಡುತ್ತದೆ. ಪಟ್ಟಣ ಸುಮಾರು 1,090 ಮೀಟರ್ ಎತ್ತರದಲ್ಲಿದ್ದರೆ, ನೇರ ದೂರ ಸುಮಾರು 10 ಕಿಲೋಮೀಟರಿನಲ್ಲಿ ಮುಳ್ಳಯ್ಯನಗಿರಿ ಸುಮಾರು 1,930 ಮೀಟರಿಗೆ ಏರಿ ನಿಂತಿದೆ. ಏರ್‌ಮ್ಯಾಪ್ ಎಂಬ, ನೆಲದ ಎತ್ತರಗಳನ್ನು ಅಣಿಗೊಳಿಸುವ ಜೊತೆ ತಂತ್ರಾಂಶ, ಸಾಂದ್ರತೆ ಲೆಕ್ಕ ಹಾಕುವ ಪ್ರತಿ ಬಿಂದುವಿಗೂ ಅದರ ಮೇಲೆ ಪ್ರಭಾವ ಬೀರುವ ಗುಡ್ಡದ ಎತ್ತರವನ್ನು ಹುಡುಕುತ್ತದೆ. ಬಿಂದುವಿನಿಂದ ನೋಡಿದಾಗ ಶೇ 10 ಅಥವಾ ಅದಕ್ಕಿಂತ ಕಡಿದಾಗಿ ಏರುವ ಗುಡ್ಡಗಳೆಲ್ಲ ಅದಕ್ಕೆ ಕೊಟ್ಟ ಭೂಪ್ರದೇಶದೊಳಗೆ ಇರಬೇಕು. ಅಧ್ಯಯನ ಪ್ರದೇಶದ ತ್ರಿಜ್ಯ 10 ಕಿಲೋಮೀಟರ್ ಎಂದು ಭೂಪ್ರದೇಶವನ್ನೂ ಅಲ್ಲಿಗೇ ಕತ್ತರಿಸಿದರೆ, ಪಟ್ಟಣದ ನಡುವಿನ ಬಿಂದುವಿಗೆ ನಷ್ಟವಿಲ್ಲ, ಅಲ್ಲಿಂದ ಇಳಿಜಾರು ಶೇ 8ರ ಆಸುಪಾಸು. ಗಿರಿಯ ಬುಡದ ಹೊರ ಬಿಂದುಗಳಿಗೆ ಮಾತ್ರ ಅವುಗಳ ನೆತ್ತಿಯ ಮೇಲಿನ ಗುಡ್ಡವೇ ಮಾಯ. ಲಕ್ಷಣ ಸ್ಪಷ್ಟ: ನಕ್ಷೆಯ ಅಂಚಿನ ಬಿಂದುಗಳಲ್ಲಿ ಗುಡ್ಡದ ಎತ್ತರ ಮತ್ತು ನೆಲದ ಎತ್ತರ ಹೆಚ್ಚುಕಡಿಮೆ ಒಂದೇ. ಭೂಪ್ರದೇಶವನ್ನು ಇನ್ನೂ ಹಲವು ಕಿಲೋಮೀಟರ್ ಹೊರಕ್ಕೆ ಚಾಚಿ.

ಗುಡ್ಡದ ಮೈಯಲ್ಲಿ ರಾತ್ರಿ ಸಾಂದ್ರತೆ ಏರಿದ್ದನ್ನು ದೋಷವೆಂದು ಅಳಿಸಬೇಡಿ. ಸ್ಥಿರ ವಾತಾವರಣದಲ್ಲಿ ಹೊಗೆ ಗುಡ್ಡವನ್ನು ಹತ್ತಲಾರದೆ ಅದೇ ಎತ್ತರದಲ್ಲಿ ಸಾಗಿ ಮೈಗೆ ತಾಗುವುದು ನಿಜವಾದ ಭೌತಿಕ ಕ್ರಿಯೆ. ಆದರೆ ಬೆಳಗಿನ ಮಂಜು ಕಣಿವೆಯಲ್ಲಿ ನಿಂತಿರುವಾಗ ಹೊಗೆ ಅಲ್ಲೇ ಗಂಟೆಗಟ್ಟಲೆ ಉಳಿದು ಒಟ್ಟಾಗುವುದನ್ನು ಏರ್‌ಮಾಡ್ ತೋರಿಸಲಾರದು. ಅದಕ್ಕೆ ಹಿಂದಿನ ಗಂಟೆಯ ನೆನಪಿಲ್ಲ. ಪ್ರತಿ ಗಂಟೆಯೂ ಹೊಸದು, ಹೊಗೆ ನೇರ ಗೆರೆಯಲ್ಲಿ ಹೋಗುತ್ತದೆ. ಅಳತೆಗಿಂತ ಮಾದರಿ ಕಡಿಮೆ ತೋರಿಸುವ ಮಲೆನಾಡಿನ ಚಳಿಗಾಲದ ಬೆಳಗುಗಳಲ್ಲಿ ಕಡತದೊಳಗೆ ದೋಷ ಹುಡುಕುತ್ತ ಕೂರದೆ, ಮಾದರಿಯ ಮಿತಿಯನ್ನು ವರದಿಯಲ್ಲಿ ಬರೆಯಬೇಕು.

ಚಿಮಣಿ, ಕಟ್ಟಡ, ಹೊರಸೂಸುವಿಕೆ

ಗರಿಷ್ಠ ಸಾಂದ್ರತೆ ಬೇಲಿಯ ಪಕ್ಕದಲ್ಲೇ, ಚಿಮಣಿಯಿಂದ ನೂರು ಮೀಟರ್ ಒಳಗೆ ಬಿದ್ದರೆ ಕಟ್ಟಡದ ಬೆನ್ನ ಹಿಂದಿನ ಸುಳಿಯನ್ನು ನೆನೆಯಿರಿ. ಕಟ್ಟಡದ ಎತ್ತರಕ್ಕೆ, ಎತ್ತರ ಮತ್ತು ಅಗಲದಲ್ಲಿ ಯಾವುದು ಕಡಿಮೆಯೋ ಅದರ ಒಂದೂವರೆ ಪಟ್ಟು ಕೂಡಿಸಿ. ಚಿಮಣಿ ಅದಕ್ಕಿಂತ ಗಿಡ್ಡವಾಗಿದ್ದರೆ ಹೊಗೆ ಸುಳಿಗೆ ಸಿಕ್ಕಿ ಕೆಳಗಿಳಿಯುತ್ತದೆ. 12 ಮೀಟರ್ ಎತ್ತರದ ಅಗಲವಾದ ಶೆಡ್‌ಗೆ 30 ಮೀಟರ್ ಚಿಮಣಿ ಸರಿಯಾಗಿ ಸಾಕಾಗುತ್ತದೆ. ಶೆಡ್ 15 ಮೀಟರ್ ಇದ್ದರೆ ಮೂವತ್ತೇಳೂವರೆ ಮೀಟರ್ ಬೇಕು. ಅಂದರೆ ಇದು ನಿಜವಾದ ಪರಿಣಾಮವಾಗಿರಬಹುದು. ಕಡತದಲ್ಲಿ ಶೆಡ್‌ನ ಎತ್ತರ ಅಡಿಯಲ್ಲಿ ಸೇರಿಲ್ಲವೆಂದು ಖಚಿತಪಡಿಸಿಕೊಂಡು ನಂಬಿ. ಇನ್ನು ಮಳೆ ಬೀಳದಂತೆ ಚಿಮಣಿಯ ಬಾಯಿಗೆ ತಗಡಿನ ಟೋಪಿ ಹಾಕಿದ್ದರೆ ಅದನ್ನು ಸಾಮಾನ್ಯ ಚಿಮಣಿಯೆಂದು ಕೊಡಬಾರದು. ಮುಚ್ಚಿದ ಚಿಮಣಿಗೆ ಏರ್‌ಮಾಡ್‌ನಲ್ಲಿ ಬೇರೆ ಬಗೆಯೇ ಇದೆ.

ತಾಪಮಾನವನ್ನು ಕೆಲ್ವಿನ್‌ನಲ್ಲಿ ಕೊಡಬೇಕು. ನಮ್ಮ ಅಭ್ಯಾಸದ ಚಿಮಣಿಗೆ 423ರ ಬದಲು 150 ಎಂದು ಕೊಟ್ಟರೆ ಅನಿಲ ಹೊರಗಿನ ಗಾಳಿಗಿಂತ ತಣ್ಣಗಾಗಿ, ತೇಲುವ ಶಕ್ತಿ ಇಲ್ಲವಾಗುತ್ತದೆ. ಅದೇ 3 ಮೀಟರ್ ಗಾಳಿಯಲ್ಲಿ 20 ಮೀಟರ್ ಏರಬೇಕಾದ್ದು ಆರೂವರೆ ಮೀಟರಿಗೆ ನಿಲ್ಲುತ್ತದೆ, ಸಾಂದ್ರತೆ ಸುಮಾರು ಎರಡು ಪಟ್ಟಾಗುತ್ತದೆ.

ಹೊರಸೂಸುವಿಕೆಯ ಲೆಕ್ಕದಲ್ಲಿ ನಮ್ಮ ಎತ್ತರದ ಊರುಗಳಿಗೇ ವಿಶೇಷವಾದ ಒಂದು ಅಂಶವಿದೆ. ಚಿಮಣಿಯ ಬಾಯಲ್ಲಿ ಸೆಕೆಂಡಿಗೆ ಸುಮಾರು 4.0 ಘನ ಮೀಟರ್ ಅನಿಲ ಹೊರಡುತ್ತದೆ. ಅದನ್ನು ನೇರವಾಗಿ 150 ಮಿಲಿಗ್ರಾಂನಿಂದ ಗುಣಿಸಿದರೆ 0.60 ಗ್ರಾಂ. ಇದು ತಪ್ಪು. ನಾರ್ಮಲ್ ಘನ ಮೀಟರ್ ಎಂದರೆ 25 ಡಿಗ್ರಿ, 760 ಮಿಲಿಮೀಟರ್ ಪಾದರಸ. ತಾಪಮಾನಕ್ಕೆ ತಿದ್ದಿದರೆ 2.8 ಘನ ಮೀಟರ್. ಇಲ್ಲಿಗೆ ಹೆಚ್ಚಿನವರು ನಿಲ್ಲಿಸುತ್ತಾರೆ. ಹಾಸನದ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 680 ಮಿಲಿಮೀಟರ್ ಮಾತ್ರ, ಅದಕ್ಕೂ ತಿದ್ದಿದರೆ 2.5 ಘನ ಮೀಟರ್, ಹೊರಸೂಸುವಿಕೆ 0.38 ಗ್ರಾಂ. ತೇವಾಂಶಕ್ಕೆ ತಿದ್ದಿದರೆ ಇನ್ನೂ ತುಸು ಇಳಿಯುತ್ತದೆ. ಮಾನದಂಡ ಮೀರಿದ ಅಂಕಿಯನ್ನು ಇಳಿಸಲು ಇಂಥ ನ್ಯಾಯವಾದ ದಾರಿ ಇರುವಾಗ ಅಂಕಿಗಳನ್ನು ತಿರುಚುವ ಅಗತ್ಯ ಯಾರಿಗೂ ಇಲ್ಲ.

ಸರಿಪಡಿಸಿದ ಮೇಲೆ

ಸರಿಯಾದ ಓಟದ ಫಲಿತಾಂಶವನ್ನು ಅಳತೆಯ ಅಂಕಿಯೊಂದಿಗೆ ನೇರವಾಗಿ ಹೋಲಿಸುವುದು ಕೊನೆಯ ಹಂತದ ಸಾಮಾನ್ಯ ತಪ್ಪು. ಮಾದರಿ ಕೊಡುವುದು ನಿಮ್ಮ ಚಿಮಣಿ ಸೇರಿಸುವ ಪಾಲನ್ನು ಮಾತ್ರ. ಅಳತೆಯಲ್ಲಿ ರಸ್ತೆ, ಅಡುಗೆ ಒಲೆ, ಪಕ್ಕದ ಘಟಕ ಎಲ್ಲವೂ ಇರುತ್ತವೆ. ಎರಡನ್ನೂ ಕೂಡಿಸಿದ ಮೇಲೆ 2009ರ ರಾಷ್ಟ್ರೀಯ ಮಾನದಂಡದೊಂದಿಗೆ ಹೋಲಿಸಬೇಕು. 10 ಮೈಕ್ರೋಮೀಟರ್‌ವರೆಗಿನ ಸಣ್ಣ ಕಣಗಳಾದ ಪಿಎಂ10ಕ್ಕೆ 24 ಗಂಟೆಯ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ವಾರ್ಷಿಕ 60. ವರ್ಷದ ಶೇ 98ರಷ್ಟು ಸಮಯ 24 ಗಂಟೆಯ ಮಿತಿಯೊಳಗಿರಬೇಕು, ಎರಡು ದಿನ ಸತತವಾಗಿ ಮೀರುವಂತಿಲ್ಲ.

ವರದಿಯ ಅನುಬಂಧದಲ್ಲಿ ಮೊದಲ ಓಟದ ಫಲಿತಾಂಶ, ಕಂಡ ದೋಷ, ಬದಲಿಸಿದ ಸಾಲು, ನಂತರದ ಫಲಿತಾಂಶ ಇಷ್ಟನ್ನೂ ಕೊಡಿ. ಜೊತೆಗೆ ಗರಿಷ್ಠ ಬಿದ್ದ ಗಂಟೆಯ ಹವಾಮಾನ ಸಾಲನ್ನು ಹಾಗೆಯೇ ಮುದ್ರಿಸಿ. ಪರಿಶೀಲಿಸುವವರು ಆ ಒಂದು ಸಾಲಿನಲ್ಲಿ ಗಂಟೆ, ಗಾಳಿ, ತಾಪಮಾನ, ಉಷ್ಣ ಪ್ರವಾಹ ಪರಸ್ಪರ ಹೊಂದುತ್ತವೆಯೇ ಎಂದು ಎರಡು ನಿಮಿಷದಲ್ಲಿ ನೋಡಬಲ್ಲರು. ಆ ಸಾಲಿಲ್ಲದೆ ಬಂದ ವರದಿಯನ್ನು ಅದನ್ನು ಕೇಳಿ ಹಿಂದಿರುಗಿಸುವ ಹಕ್ಕೂ ಅವರಿಗಿದೆ.